ಮಾವ ಕೊಟ್ಟ ಸೈಕಲ್ಲಿನ ಹಸಿರು ಬಣ್ಣ

ಕೊಳ್ಳೇಗಾಲ
ತಾ. ೧೨-೨-೧೯೬೮, ಸೋಮವಾರ

ಪ್ರೀತಿಯ ಬಸಮ್ಮಣ್ಣಿ,

ಹೇಗಿದ್ದೀಯ? ನಾನು ಇಲ್ಲಿ ಕ್ಷೇಮ ಅಂತ ಬರೆಯಬೇಕು, ಬರೆದಿದ್ದೇನೆ, ನಂಬುವುದು ಬಿಡುವುದು ನಿನಗೆ ಸೇರಿದ್ದು. ಚಳಿಗೆ ನಿನ್ನ ಹಿಮ್ಮಡಿ ಬಿರಿಯುತ್ತದಲ್ಲ, ಹರಳೆಣ್ಣೆ ಹಚ್ಚಿಕೊಳ್ಳುತ್ತಿದ್ದೀಯ ತಾನೆ? ಅಜ್ಜಿಯ ಮಂಡಿನೋವು ಹೇಗಿದೆ? ನಿಮ್ಮೂರು ಹೂಗ್ಯದ ಕಣಗಳಲ್ಲಿ ಒಟ್ಟಿದ್ದ ಹುರುಳಿಗೆ ಆನೆ ಬಂದಿತ್ತು ಅಂತ ಬಸ್ಸಿನ ಕಂಡಕ್ಟರು ಹೇಳಿದ. ಯಾರ ಕಣ ಅಂದರೆ ಅವನಿಗೆ ಗೊತ್ತಿಲ್ಲ. ನಿಮ್ಮದಲ್ಲದಿದ್ದರೆ ಸಾಕು ಅಂದುಕೊಂಡೆ, ಆಮೇಲೆ ಬೇರೆಯವರದಾದರೂ ಪಾಪ ಅಂದುಕೊಂಡೆ. ನನ್ನ ತಲೆ ಈಗ ಹೀಗೇ ಓಡುತ್ತಿದೆ, ಒಂದು ಅಂದುಕೊಳ್ಳುವುದರೊಳಗೆ ಇನ್ನೊಂದು. ಈ ಕಾಗದ ನಾಲ್ಕನೆಯದು. ಮೊದಲ ಮೂರನ್ನು ಹರಿದು ಒಲೆಗೆ ಹಾಕಿದೆ. ಇದನ್ನು ಹರಿಯುವುದಿಲ್ಲ, ಹೇಗೆ ಬಂದರೂ ಕಳಿಸುತ್ತೇನೆ.

ನೀನು ಹೋದ ಮೇಲೆ ನಾನು ಕೆಲಸ ಬದಲಿಸಿಲ್ಲ, ನಗಬೇಡ. ಅಕ್ಕಿ ಗಿರಣಿ ಬಿಟ್ಟೆ, ಸೌದೆ ಡಿಪೋ ಬಿಟ್ಟೆ, ಈ ನೂಲು ಬೇಯಿಸುವ ಶೆಡ್ಡನ್ನೂ ಯುಗಾದಿಯೊಳಗೆ ಬಿಡುತ್ತೇನೆ ಅಂತ ನೀನು ಹೇಳಿದ್ದೆ. ‘ನಿಮ್ ಕಾಲ್‌ಗೆ ಬೇರು ಬುಡಾದೇ ಇಲ್ಲ ಕಣ್ರಿ’ ಅಂದಿದ್ದೆಯಲ್ಲ. ಹುಟ್ಟೂರು ಲೊಕ್ಕನಹಳ್ಳಿ ಬಿಟ್ಟು ಬಂದವನಿಗೆ ಬೇರು ಎಲ್ಲಿಂದ ಬರಬೇಕು, ಇರಲಿ. ಈಗಲೂ ಅಲ್ಲೇ ಇದ್ದೇನೆ. ದಿನಾ ಬೆಳಿಗ್ಗೆ ತಾಮ್ರದ ಹಂಡೆಯಲ್ಲಿ ಸೋಪು ಸೋಡಾ ಕರಗಿಸಿ ರೇಷ್ಮೆ ನೂಲನ್ನು ಬೇಯಿಸಿ ಅಂಟು ತೆಗೆಯುವುದು, ಸಾಯಂಕಾಲ ರೂಮಿಗೆ ಬರುವುದು. ನೀನು ಅಂಗಳಕ್ಕೆ ಹಾಕಿದ ಹೀರೇಬಳ್ಳಿ ಓನರಮ್ಮನ ಸೂರು ಹತ್ತಿದೆ. ಕಾಯಿ ಅವರೇ ಕೊಯ್ದುಕೊಳ್ಳುತ್ತಿದ್ದಾರೆ, ನಾನು ಕೇಳಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ವಿಷಯ ಆ ಸೈಕಲ್ಲು. ಹೆಸರು ಕೇಳಿಯೇ ನೀನು ಕಾಗದ ಮಡಚಿಡುತ್ತೀಯ ಅಂತ ಗೊತ್ತು, ದಯವಿಟ್ಟು ಮಡಚಬೇಡ. ದೀಪಾವಳಿಯ ದಿನ ನಿಮ್ಮ ಜಗಲಿಯ ಮೇಲೆ ನಾನು ಆಡಿದ ಮಾತನ್ನು ನಾನೇ ಮತ್ತೆ ಬರೆಯುತ್ತೇನೆ, ಬರೆಯದೆ ಹೋದರೆ ಮುಂದಿನದು ನಿನಗೆ ಅರ್ಥವಾಗುವುದಿಲ್ಲ. ನಿಮ್ಮ ಚಿಕ್ಕಪ್ಪ, ‘ಏನ್ ಅಳಿಯಂದ್ರೆ, ಮದ್ವೆ ಸೈಕಲ್ಲು ಆರ್ ತಿಂಗ್ಳಿಗೇ ಚಿಪ್ಪು ಬುಡ್ತಾ ಅದೆ’ ಅಂತ ಎದ್ದ ಬಣ್ಣವನ್ನು ತೋರಿಸಿದರು. ನಾನು ಹೋಳಿಗೆ ತಿಂದ ಗೆಲುವಿನಲ್ಲಿದ್ದೆ. ‘ಮಾವ ಮುದಿ ಎಮ್ಮೆಗೆ ಎಣ್ಣೆ ಹಚ್ಚಿ ಸಂತೇಲಿ ನಿಲ್ಲಿಸಿದ್ರು, ನಾನು ಹೊಸಾ ಕಡಸು ಅನ್ಕೊಂಡು ಹಿಡ್ಕೊಂಡು ಬಂದೆ’ ಅಂದೆ. ಎಲ್ಲರೂ ನಕ್ಕರು. ನಕ್ಕರಲ್ಲ ಅಂತ ಇನ್ನೂ ಎರಡು ಮಾತು ಸೇರಿಸಿದೆ. ಒಳಗೆ ಕೆಂಪು ಬಣ್ಣ ಕಾಣುತ್ತಿದೆ, ಅದು ಯಾರದೋ ಹಳೆಯ ಕೆಂಪು ಸೈಕಲ್ಲು, ಮೇಲೆ ಹಸಿರು ಬಳಿಸಿ ಅಳಿಯನ ತಲೆಗೆ ಕಟ್ಟಿದ್ದಾರೆ ಅಂದೆ. ಎಮ್ಮೆ ಅಂದದ್ದು ಸೈಕಲ್ಲಿಗೆ, ಬೇರೆ ಯಾರಿಗೂ ಅಲ್ಲ, ಇದನ್ನು ನೀನು ಈಗಲಾದರೂ ನಂಬು. ನಿಮ್ಮಪ್ಪ ಚೊಂಬು ಎತ್ತಿಕೊಂಡು, ‘ಒತ್ತಾಯ್ತು, ದನಕ್ಕೆ ನೀರ್ ತೋರ್‌ಸ್ಬೇಕು’ ಅಂತ ಇಳಿದು ಹೋದರು. ಮಾರನೆಯ ದಿನ ನೀನು ನನ್ನ ಚೀಲ ಮಾತ್ರ ತಂದು ಹೊರಗಿಟ್ಟೆ. ‘ನೀವ್ ಓಗಿ, ನಾನ್ ಬರಾಕಿಲ್ಲ’ ಅಂದೆ. ನಾನೂ ಹೋದೆ. ನಾಲ್ಕು ದಿನಕ್ಕೆ ಬರುತ್ತಾಳೆ ಅಂದುಕೊಂಡಿದ್ದೆ, ಮೂರು ತಿಂಗಳ ಮೇಲಾಯಿತು.

ಹೋದ ತಿಂಗಳವರೆಗೂ ನನ್ನದೇ ಸರಿ ಅಂತ ಇದ್ದೆ. ಸೈಕಲ್ಲನ್ನು ನೋಡಿದಾಗಲೆಲ್ಲ ಸಿಟ್ಟು ಬರುತ್ತಿತ್ತು. ಹಸಿರು ಬಣ್ಣ ಹಾವಿನ ಪೊರೆಯ ಹಾಗೆ ಏಳುತ್ತಿತ್ತು, ಪ್ಯಾಂಟಿಗೆ ಅಂಟುತ್ತಿತ್ತು, ಒಳಗೆ ಕೆಂಪು, ಅಲ್ಲಲ್ಲಿ ಚುಕ್ಕಿ ಚುಕ್ಕಿ ಬಿಳಿ. ಕೆಂಪು ಅಂದರೆ ಹಳೆಯ ಬಣ್ಣ, ಬಿಳಿ ಅಂದರೆ ಸವೆದ ಕಬ್ಬಿಣ ಅಂತ ನಾನೇ ತೀರ್ಮಾನ ಮಾಡಿದ್ದೆ. ನಿನಗೆ ಸುಳ್ಳು ಹೇಳುವುದಿಲ್ಲ, ಸಂಕ್ರಾಂತಿ ಕಳೆದ ಮೇಲೆ ಒಂದು ಯೋಚನೆ ಬಂತು. ಬಣ್ಣವನ್ನೆಲ್ಲ ತೆಗೆದು, ಒಳಗಿನ ತುಕ್ಕು ಕಬ್ಬಿಣವನ್ನು ಹಾಗೇ ಬಸ್ಸಿನ ಮೇಲೆ ಹಾಕಿಕೊಂಡು ಹೂಗ್ಯಕ್ಕೆ ತರುವುದು, ನಿಮ್ಮ ಜಗಲಿಯ ಮುಂದೆ ನಿಲ್ಲಿಸಿ, ನೋಡಿ ನಾನು ಹೇಳಿದ್ದು ಸುಳ್ಳೇ ಅಂತ ಕೇಳುವುದು. ಆಗ ನೀನು ತಲೆ ತಗ್ಗಿಸಿ ನನ್ನ ಹಿಂದೆ ಬರುತ್ತೀಯ ಅಂತ ಲೆಕ್ಕ ಹಾಕಿದ್ದೆ. ಎಂಥಾ ಲೆಕ್ಕ ನೋಡು.

ಶೆಡ್ಡಿಗೆ ರಜವಿದ್ದ ದಿನ ಕೆಲಸಕ್ಕೆ ಕೂತೆ. ಚಕ್ರ, ಚೈನು, ಹ್ಯಾಂಡಲ್, ಸೀಟು ಎಲ್ಲ ಬಿಚ್ಚಿ, ಫ್ರೇಮನ್ನು ಮಾತ್ರ ನೂಲಿನ ಲಡಿ ತೂಗುಹಾಕುವ ಗಳುವಿಗೆ ಹಗ್ಗದಲ್ಲಿ ಕಟ್ಟಿದೆ. ನೂಲು ಬೇಯಿಸಿದ ಸೋಡಾ ನೀರು ಹಂಡೆಯಲ್ಲಿ ಮಿಕ್ಕಿತ್ತು. ಆ ನೀರು ಬಿದ್ದು ಶೆಡ್ಡಿನ ಬಾಗಿಲ ಬುಡದ ಬಣ್ಣವೆಲ್ಲ ಯಾವತ್ತೋ ಸುಲಿದು ಹೋಗಿತ್ತು, ಅದನ್ನು ನೋಡಿಯೇ ನನಗೆ ಉಪಾಯ ಹೊಳೆದದ್ದು. ಅದಕ್ಕೆ ಇನ್ನಷ್ಟು ಸೋಡಾ, ಒಂದು ಕುಕ್ಕೆ ಸುಣ್ಣ ಹಾಕಿ ಗಂಜಿಯ ಹಾಗೆ ಮಾಡಿ, ಗೋಣಿಬಟ್ಟೆಯನ್ನು ಅದರಲ್ಲಿ ನೆನೆಸಿ ಮೊದಲು ಮುಂಭಾಗದ ಕೊಳವೆಗಳಿಗೆ ಸುತ್ತಿದೆ. ಗಾಯದ ಕಾಲಿಗೆ ಕಟ್ಟು ಕಟ್ಟಿದ ಹಾಗೆ ಕಾಣುತ್ತಿತ್ತು. ಅರ್ಧ ದಿನ ಬಿಟ್ಟು ಬಿಚ್ಚಿದೆ. ಬಣ್ಣ ಕಾಯಿಸಿದ ಹಾಲಿನ ಕೆನೆಯ ಹಾಗೆ ಸುಕ್ಕಾಗಿ ಎದ್ದಿತ್ತು. ತೆಂಗಿನ ನಾರಿನಲ್ಲಿ ಒರೆಸಿದರೆ ಹಸಿರೂ ಕೆಂಪೂ ಒಟ್ಟಿಗೇ ಬಂದು ಕೈಗೆ ಮೆತ್ತಿಕೊಂಡವು. ಬೆರಳ ಸಂದಿಯೆಲ್ಲ ಬೊಬ್ಬೆ. ನೀರು ಹುಯ್ದೆ.

ಬಸಮ್ಮಣ್ಣಿ, ಒಳಗೆ ತುಕ್ಕು ಇರಲಿಲ್ಲ. ನನ್ನ ಮುಖ ಕಾಣಿಸಿತು. ಉದ್ದಕ್ಕೆ ಎಳೆದಿದ್ದ ಮುಖ, ಬಾಯಿ ತೆರೆದಿದ್ದ ಮುಖ. ಹ್ಯಾಂಡಲ್ಲು ಹೇಗೆ ಹೊಳೆಯುತ್ತದೋ ಫ್ರೇಮೂ ಹಾಗೆ, ಬಣ್ಣ ಹೋದ ಕಡೆಯೆಲ್ಲ ಕ್ರೋಮು. ಅಂಥ ಸೈಕಲ್ಲು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಇಷ್ಟು ಚೆನ್ನಾಗಿರುವುದರ ಮೇಲೆ ಯಾರಾದರೂ ಬಣ್ಣ ಯಾಕೆ ಬಳಿಯುತ್ತಾರೆ? ಹರಿದ ಸೀರೆಯ ಮೇಲೆ ಹೊಸ ಸೀರೆ ಉಡುವುದು ಗೊತ್ತು, ಧರ್ಮಾವರದ ಮೇಲೆ ಗೋಣಿತಾಟು ಸುತ್ತಿಕೊಳ್ಳುವುದು ಎಲ್ಲಾದರೂ ಉಂಟೇ?

ಬಸ್‌ಸ್ಟ್ಯಾಂಡಿನ ಹತ್ತಿರ ಸೈಕಲ್ ಶಾಪ್ ಇಟ್ಟಿರುವ ಮಾದಸ್ವಾಮಿಯನ್ನು ಕರೆದುಕೊಂಡು ಬಂದೆ. ನಮ್ಮ ಪಂಕ್ಚರು ಹಾಕುತ್ತಿದ್ದನಲ್ಲ, ಅವನೇ. ಬೆರಳಲ್ಲಿ ತಟ್ಟಿ ನೋಡಿದ, ಮೂಸಿ ನೋಡಿದ, ಆಮೇಲೆ ಶೆಡ್ಡಿನ ಬಾಗಿಲು ಹಾಕಿ ಬಂದ. ‘ಲೇ ಸಡಕ್ಸರಿ, ಕ್ರೋಮಿನ್ ಮ್ಯಾಲೆ ಬಣ್ಣ ಬಳಿಯೋನು ಈ ಲೋಕದಲ್ಲಿ ಒಬ್ನೇ ಕಣ್ಲಾ. ಕದ್ದೋನು’ ಅಂದ. ಗುರುತು ಸಿಗಬಾರದು ಅಂತ ಬಳಿಯುತ್ತಾರಂತೆ. ‘ನಿಮ್ಮಾವ ಸಂಭಾವಿತ್ರು, ಅವ್ರಿಗೆ ಯಾವನೋ ಕಳ್‌ಮಾಲು ತಗುಲ್ಸವ್ನೆ’ ಅಂತಲೂ ಸೇರಿಸಿದ, ನನ್ನ ಮುಖ ನೋಡಿ ಸೇರಿಸಿರಬೇಕು. ಆಮೇಲೆ ಎರಡು ದಿನ ನಾನು ಪಟ್ಟ ಪಾಡು ನೀನು ನೋಡಿದ್ದರೆ ನಿನ್ನ ಸಿಟ್ಟು ಅರ್ಧ ಇಳಿಯುತ್ತಿತ್ತು. ಫ್ರೇಮನ್ನು ಇಳಿಸಿ, ಖಾಲಿ ಚೀಲಗಳ ಕೆಳಗೆ ಹೂತು, ಬೀದಿಯಲ್ಲಿ ಖಾಕಿ ಕಂಡರೆ ಬೆವರುತ್ತಿದ್ದೆ. ಒಬ್ಬ ಪೋಸ್ಟ್‌ಮ್ಯಾನಿಗೂ ಹೆದರಿದೆ. ಹೇಳಿಬಿಡುತ್ತೇನೆ, ಆ ಎರಡು ದಿನ ನಿಮ್ಮಪ್ಪನ ಬಗ್ಗೆ ದೀಪಾವಳಿಗಿಂತ ಕೆಟ್ಟದ್ದನ್ನು ಯೋಚಿಸಿದೆ. ಹಳೆಯದು ಕೊಟ್ಟರು ಅಂತ ಬಯ್ದವನು, ಕದ್ದದ್ದು ಕೊಟ್ಟರೇನೋ ಅಂತ ಹೆದರುತ್ತಿದ್ದೆ. ಆದರೆ ನಿಮ್ಮಪ್ಪನ ಮುಖ ನೆನೆಸಿಕೊಂಡರೆ ಎರಡೂ ಹೊಂದುತ್ತಿರಲಿಲ್ಲ. ಪಕ್ಕದ ಹೊಲದವನ ಬದುವಿನ ಹುಲ್ಲನ್ನೂ ಕೇಳಿ ಕೊಯ್ಯುವ ಮನುಷ್ಯ.

ದಾರಿ ತೋರಿಸಿದ್ದು ದೊಡ್ಡಮಾದಮ್ಮ. ನಮ್ಮ ಶೆಡ್ಡಿನಲ್ಲಿ ಲಡಿ ಬಿಡಿಸುವ ಮುದುಕಿ, ಹನೂರಿನಿಂದ ಇಲ್ಲಿಗೆ ಸೊಸೆಯಾಗಿ ಬಂದವಳು. ಚೀಲ ತೆಗೆಯಲು ಹೋಗಿ ಫ್ರೇಮನ್ನು ಕಂಡಳು. ಕೂಗಿಬಿಡುತ್ತಾಳೆ ಅಂದುಕೊಂಡೆ. ಅವಳು ಸೀಟಿನ ಕೆಳಗಿನ ಕೊಳವೆಯನ್ನೇ ನೋಡುತ್ತಿದ್ದಳು. ಅದಕ್ಕೆ ನಾನಿನ್ನೂ ಗೋಣಿ ಸುತ್ತಿರಲಿಲ್ಲ, ಹಸಿರು ಹಾಗೇ ಇತ್ತು, ಅದರ ಮೇಲೆ ಹಳದಿ ಎಸಳಿನ ಸಣ್ಣ ಹೂವು. ಆ ಹೂವನ್ನು ನೀನೂ ನೋಡಿದ್ದೀಯ, ಗಾಡಿಯ ಹಲಗೆಯ ಮೇಲೆ ಬರೆಯುವಂಥದ್ದು. ‘ಅಯ್ ನಮ್ಮಪ್ಪ, ಇದು ನಮ್ಮ ಹನೂರು ಗಾಡಿ ಬಣ್ಣದ ಮಾದಣ್ಣನ್ ಕೈ ಕಣಾ. ಐದೆಸ್ಲು ಬರ್ದು ನಡೂಕೆ ಚುಕ್ಕಿ ಮಡುಗ್ದೆ ಬುಡ್ತಾನೆ, ಸೋಮಾರಿ ನನ್ಮಗ’ ಅಂದಳು. ಕಳ್ಳಮಾಲಿನ ಮೇಲೆ ಯಾರಾದರೂ ಹೂವು ಬರೆಸುತ್ತಾರಾ? ಅಷ್ಟು ಯೋಚನೆ ನನಗೆ ಯಾಕೆ ಬರಲಿಲ್ಲವೋ.

ನಿನ್ನೆ ಭಾನುವಾರ ಹನೂರಿಗೆ ಬಸ್ ಹತ್ತಿದೆ. ಅಲ್ಲಿಂದ ನಿಮ್ಮೂರಿಗೆ ಇನ್ನೊಂದು ಬಸ್ಸು, ಅದು ನನ್ನ ಎದುರೇ ನಿಂತಿತ್ತು, ಎರಡು ಸಲ ಮೆಟ್ಟಿಲ ಮೇಲೆ ಕಾಲಿಟ್ಟು ತೆಗೆದೆ. ಮಾದಣ್ಣ ಒಂದು ಎತ್ತಿನ ಗಾಡಿಯ ಮೂಕಿಮರಕ್ಕೆ ಕೆಂಪು ಬಳಿಯುತ್ತಾ ಕೂತಿದ್ದ. ಹಸಿರು ಸೈಕಲ್ಲು ಅಂದ ತಕ್ಷಣ ಕುಂಚ ಕೆಳಗಿಟ್ಟ. ‘ನೀವು ಊಗ್ಯದ ಗುರುಮಲ್ಲಪ್ನೋರ್ ಅಳೀರಾ? ಬಣ್ಣ ಎದ್ದೋಯ್ತು ಅಂತ ಜಗ್ಳಕ್ಕೆ ಬಂದ್ರಾ ಸಾ? ನಾನ್ ಆಗ್ಲೇ ಏಳಿದ್ದೆ, ನಿಲ್ಲಾಕಿಲ್ಲ ಅಂತ’ ಅಂದ. ಆಮೇಲೆ ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ, ನನ್ನದು ಒಂದೂ ಸೇರಿಸುವುದಿಲ್ಲ.

ನಮ್ಮ ಮದುವೆಗೆ ಎರಡು ದಿನ ಇದ್ದಾಗ ಮಾವ ಮೈಸೂರಿನಿಂದ ಆ ಸೈಕಲ್ಲು ತಂದರಂತೆ. ಅಂಗಡಿಯ ಗಾಜಿನೊಳಗೆ ನಿಲ್ಲಿಸಿದ್ದ ಸೈಕಲ್ಲಂತೆ. ಕೆಟ್ಟ ದಾರಿ, ಬಸ್ಸಿನ ಮೇಲೆ ಹಾಕಿದರೆ ಕುಲುಕಿ ಉಜ್ಜುತ್ತದೆ ಅಂತ ಹನೂರಿನಿಂದ ಹೂಗ್ಯಕ್ಕೆ ತಳ್ಳಿಕೊಂಡೇ ಹೋದರಂತೆ. ಬಾಗಿಲಲ್ಲಿ ನಿಮ್ಮ ಅಜ್ಜಿ ಶಿವನಂಜಮ್ಮ ತಡೆದರು. ‘ಬೋಳ್ ಕಬ್ಬುಣ ಚಪ್ರದೊಳಕ್ಕೆ ತರ್‌ಬ್ಯಾಡ ಕಣೋ ಗುರುಮಲ್ಲಾ, ಎಣ್‌ಮಗೀನ್ ಬಾಳು ಬೋಳಾದಾತು. ಬಣ್ಣ ಇಲ್ದುದ್ದುನ್ನ ಮದ್ಲಿಂಗ್‌ನ ಕೈಗ್ ಕೊಡ್ತಾರಾ ಯಾರಾರ?’ ಅಂದರಂತೆ. ಇದು ಕಬ್ಬಿಣವಲ್ಲ ಕ್ರೋಮು, ಇದಕ್ಕೇ ಬೆಲೆ ಜಾಸ್ತಿ ಅಂತ ಮಾವ ಹೇಳಿದರಂತೆ. ಅಜ್ಜಿಗೆ ಕ್ರೋಮು ಅಂದರೆ ಏನು ಗೊತ್ತು? ಹೊಸಲು ದಾಟಲು ಬಿಡಲಿಲ್ಲ. ಮಾವ ಅದನ್ನು ಮತ್ತೆ ತಳ್ಳಿಕೊಂಡು ಹನೂರಿಗೆ ಬಂದು ಮಾದಣ್ಣನ ಮುಂದೆ ನಿಲ್ಲಿಸಿದರು. ಮಾದಣ್ಣ ಉಪ್ಪುಕಾಗದ ತೆಗೆದನಂತೆ. ಇಷ್ಟು ನುಣುಪಾದ ಮೈಗೆ ಬಣ್ಣ ಹಿಡಿಯಬೇಕಾದರೆ ಮೊದಲು ಉಜ್ಜಿ ಒರಟು ಮಾಡಬೇಕು, ಅದು ಅವನ ಕೆಲಸದ ಕ್ರಮ. ಮಾವ ಅವನ ಕೈ ಹಿಡಿದುಕೊಂಡರಂತೆ. ‘ಕೆರೀಬ್ಯಾಡ ಮಾದಣ್ಣ. ನಮ್ಮವ್ವುನ್ ಸಮಾಧಾನುಕ್ಕೆ ಮ್ಯಾಲೆ ಬಣ್ಣ ಇರ್ಲಿ, ಒಳ್ಗೆ ಅದು ಎಂಗ್ ಬಂತೋ ಅಂಗೇ ಇರ್ಲಿ.’ ಕೆರೆಯದೆ ಬಳಿದರೆ ಆರು ತಿಂಗಳಿಗೆ ಎದ್ದು ಹೋಗುತ್ತದೆ, ನನ್ನ ಹೆಸರು ಕೆಡುತ್ತದೆ ಅಂತ ಮಾದಣ್ಣ. ‘ಓದ್ರೆ ಓಗ್ಲಿ, ಆಗ ಅಳಿಯಂದ್ರೇ ಒರುಸ್ಕತಾರೆ’ ಅಂತ ಮಾವ. ಹಿಡಿತಕ್ಕೆ ಅಂತ ಕೆಳಗೆ ಒಂದು ಕೋಟು ಕೆಂಪು ಹೊಡೆದು, ಅದು ಆರುವ ಮೊದಲೇ ಮೇಲೆ ಹಸಿರು ಬಳಿದು, ಸುಮ್ಮನೆ ಬೋಳಾಗಿ ಕಾಣಬಾರದು ಅಂತ ಒಂದು ಹೂವು ಬರೆದ. ನಾನು ಹಳೆಯ ಸೈಕಲ್ಲಿನ ಬಣ್ಣ ಅಂದುಕೊಂಡ ಕೆಂಪು ಅದೇ.

ಹಾಗಾದರೆ ನಾನು ಯಾವುದನ್ನು ತೋರಿಸಿ ನಿಮ್ಮ ಜಗಲಿಯ ಮೇಲೆ ನಗಿಸಿದೆನೋ, ಆ ಬಣ್ಣ ಎದ್ದದ್ದು, ಮಾವ ಸೈಕಲ್ಲಿನ ಮೈ ಮೇಲೆ ಒಂದು ಗೀರು ಬೀಳಲು ಬಿಡದೆ ಇದ್ದದ್ದಕ್ಕೆ. ಇದನ್ನು ಬಸ್ಸಿನಲ್ಲಿ ಬರುತ್ತಾ ಯೋಚಿಸಿದೆ, ರೂಮಿನಲ್ಲಿ ಯೋಚಿಸಿದೆ, ಇವತ್ತು ಬೆಳಿಗ್ಗೆ ಹಂಡೆಯ ಮುಂದೆ ಯೋಚಿಸುತ್ತಾ ಒಂದು ಲಡಿಯನ್ನು ಹೆಚ್ಚು ಬೇಯಿಸಿ ಸಾಹುಕಾರರ ಹತ್ತಿರ ಬೈಸಿಕೊಂಡೆ. ಎಷ್ಟು ಯೋಚಿಸಿದರೂ ಒಂದು ತುದಿ ಸಿಗುತ್ತಿಲ್ಲ. ಮಾವ ಆ ದಿನ ಬಾಯಿ ಬಿಟ್ಟು ಯಾಕೆ ಹೇಳಲಿಲ್ಲ? ಒಂದು ಮಾತು ಸಾಕಿತ್ತು. ‘ಅಲ್ಲೇ ಕೆರೆದು ನೋಡಪ್ಪ’ ಅಂದಿದ್ದರೆ ನಾನು ಅಲ್ಲೇ ಕಾಲಿಗೆ ಬೀಳುತ್ತಿದ್ದೆ. ಮಾದಣ್ಣನನ್ನು ಕೇಳಿದೆ. ಅವನು ನಕ್ಕ. ‘ಮಗಳ ಸಂಗಡ ಕೊಟ್ಟುದ್ದುನ್ನ ಬಾಯಲ್ಲಿ ಎತ್ತಾಡುದ್ರೆ ಅದು ಕೊಟ್ಟಂಗಲ್ಲ ಸಾ, ನಮ್ ಕಡೆ’ ಅಂದ. ಅದು ಗೌರವವೋ ಹಟವೋ ನನಗೆ ತಿಳಿಯದು. ನನಗೆ ತಿಳಿಯುವ ಜಾತಿಯ ಸಿಟ್ಟಲ್ಲ ಅದು. ನಮ್ಮಪ್ಪನಾಗಿದ್ದರೆ ಅಲ್ಲೇ ಮೆಟ್ಟು ತೆಗೆಯುತ್ತಿದ್ದ, ವಿಷಯ ಅಲ್ಲಿಗೇ ಮುಗಿಯುತ್ತಿತ್ತು.

ನನ್ನನ್ನು ಹೆಚ್ಚು ಕೊರೆಯುತ್ತಿರುವುದು ಇನ್ನೊಂದು. ನಿನಗೆ ಗೊತ್ತಿತ್ತಾ? ಗೊತ್ತಿದ್ದೂ ನೀನು ಆರು ತಿಂಗಳು ಆ ಸೈಕಲ್ಲಿನ ಹಿಂದೆ ಕೂತು ಸಂತೆಗೆ ಬಂದೆಯಾ, ಬಣ್ಣ ಸೀರೆಗೆ ಅಂಟಿದಾಗ ಸುಮ್ಮನೆ ಕೊಡವಿಕೊಂಡೆಯಾ? ಗೊತ್ತಿದ್ದರೆ ರೂಮಿನಲ್ಲಿ ಒಂದು ದಿನ ಹೇಳಬಹುದಿತ್ತಲ್ಲ. ಗೊತ್ತಿಲ್ಲದಿದ್ದರೆ, ನಿಜವೇನು ಅಂತ ತಿಳಿಯದೆಯೇ ನೀನು ಅಪ್ಪನ ಕಡೆ ನಿಂತೆ. ಎರಡರಲ್ಲಿ ಯಾವುದಾದರೂ ನನಗೆ ಕಷ್ಟವೇ. ಒಂದು ಸಲ ನೀನು ಹೇಳಲಿಲ್ಲ ಅಂತ ಸಿಟ್ಟು ಬರುತ್ತದೆ, ಮರುಕ್ಷಣ ಯಾವ ಮುಖ ಇಟ್ಟುಕೊಂಡು ಸಿಟ್ಟಾಗಲಿ ಅನ್ನಿಸುತ್ತದೆ. ಬರೆಯಲು ಮನಸ್ಸಾದರೆ ಎರಡೇ ಸಾಲು ಬರೆ. ಬಯ್ದರೂ ಸರಿ.

ಸೈಕಲ್ಲು ಈಗ ಅರ್ಧ ಹೊಳಪು, ಅರ್ಧ ಹಸಿರು. ಹೂವಿರುವ ಕೊಳವೆಯನ್ನು ಮುಟ್ಟಿಲ್ಲ. ಪೂರ್ತಿ ಸುಲಿದು ಬೋಳಾಗಿ ತಂದರೆ ಅಜ್ಜಿ ಹೊಸಲಲ್ಲೇ ನಿಲ್ಲಿಸುತ್ತಾರೆ. ಬಣ್ಣ ಬಳಿಸಿ ತಂದರೆ, ಆ ದಿನ ನಕ್ಕವರಿಗೆ ಒಳಗಿರುವುದು ಕಾಣುವುದಿಲ್ಲ. ಮಾದಸ್ವಾಮಿಯನ್ನು ಕೇಳಿದರೆ ‘ಅತ್ಲಾಗೆ ಮಾರ್‌ಬುಡ್ಲಾ ನಂಗೆ’ ಅನ್ನುತ್ತಾನೆ. ದೊಡ್ಡಮಾದಮ್ಮನನ್ನು ಕೇಳಿದರೆ ‘ಮದ್ಲು ಎಂಡ್ರುನ್ನ ಕರ್ಕಂಬಾ, ಬಣ್ಣ ಆಮೇಕೆ ನೋಡು’ ಅನ್ನುತ್ತಾಳೆ. ನಾನು ಯಾರ ಮಾತು ಕೇಳಲಿ ಅಂತ ನೀನು ಹೇಳು.

ಅಜ್ಜಿಗೆ ನನ್ನ ಶರಣು. ಅವರ ಮೇಲೆ ನನಗೆ ಸಿಟ್ಟಿಲ್ಲ, ನಿನ್ನ ಬಾಳು ಚೆನ್ನಾಗಿರಲಿ ಅಂತ ಮಾಡಿದ್ದು ಅದು. ಕೆಡಿಸಿದ್ದು ನಾನು. ಬೆಟ್ಟದ ಮಾದಪ್ಪ ನಿಮ್ಮ ಮನೆಯ ಎಲ್ಲರನ್ನೂ, ಕಣದ ಹುರುಳಿಯನ್ನೂ ಕಾಯಲಿ. ರಾತ್ರಿ ಹೊರಗೆ ಬರುವಾಗ ಲಾಟೀನು ಹಿಡಿದುಕೊಂಡೇ ಬಾ.

ಏನು ಮಾಡಬೇಕೆಂದು ತಿಳಿಯದೆ ಕೂತಿರುವ,
ನಿನ್ನ
ಷಡಕ್ಷರಿ

ಮರೆತ ವಿಷಯ: ಹೊತ್ತಿಲ್ಲ, ಟಪ್ಪಾಲು ತೆಗೆಯುವವನು ಬರುವ ವೇಳೆಯಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಮೇಲೆ ಒಂದನ್ನು ಬಿಟ್ಟಿದ್ದೆ. ಮರೆತದ್ದಲ್ಲ, ಧೈರ್ಯ ಬರಲಿಲ್ಲ. ಇಲ್ಲಿಂದ ಕೆಳಗಿನದನ್ನು ನೀನೊಬ್ಬಳೇ ಓದಬೇಡ. ಜಗಲಿಯ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದು. ನಿಮ್ಮ ಚಿಕ್ಕಪ್ಪನನ್ನೂ, ಆ ದಿನ ನಕ್ಕವರಲ್ಲಿ ಸಿಕ್ಕವರನ್ನೂ ಕರೆಸು.

ಮಾವನವರಿಗೆ ಷಡಕ್ಷರಿ ಮಾಡುವ ಶರಣು. ದೀಪಾವಳಿಯ ದಿನ ನಾನು ಆಡಿದ್ದು ಸುಳ್ಳು. ನೀವು ಕೊಟ್ಟದ್ದು ಹೊಸ ಸೈಕಲ್ಲು, ಈ ಸೀಮೆಯಲ್ಲಿ ಅಂಥದ್ದು ಇನ್ನೊಂದಿಲ್ಲ. ನಿಮ್ಮ ಮಾನ ತೆಗೆಯಬೇಕು ಅಂತಲೇ ನಾನು ಬಣ್ಣ ತೆಗೆಯಲು ಕೂತದ್ದು. ಸೋಡಾ ನೀರಿನ ಗೋಣಿ ಸುತ್ತುವ ಮೊದಲು, ಸಿಟ್ಟಿನಲ್ಲಿ, ಗರಗಸದ ಮುರಿದ ಬ್ಲೇಡಿನಿಂದ ಕೆರೆದೆ. ಮೇಲಿನ ಕೊಳವೆಯ ಮೇಲೆ ಗೇಣುದ್ದ ಮೂರು ಗೀರು ಬಿದ್ದಿವೆ. ನೀವು ಉಪ್ಪುಕಾಗದವನ್ನೂ ಮುಟ್ಟಿಸಲು ಬಿಡದೆ ಇದ್ದ ಜಾಗದಲ್ಲಿ. ಅವು ಹೋಗುವುದಿಲ್ಲ, ಮಳೆಗಾಲಕ್ಕೆ ಅಲ್ಲಿಂದ ತುಕ್ಕು ಶುರುವಾಗುತ್ತದೆ ಅಂತ ಮಾದಸ್ವಾಮಿ ಹೇಳಿದ. ಅವುಗಳ ಮೇಲೆ ಬಣ್ಣ ಬಳಿಸುವುದಿಲ್ಲ. ಬರುವ ಸೋಮವಾರ ತಂದು ನಿಮ್ಮ ಮುಂದೆ ನಿಲ್ಲಿಸುತ್ತೇನೆ. ಅಜ್ಜಿ ಬೇಡ ಅಂದರೆ ಹೊಸಲಾಚೆಯೇ ನಿಲ್ಲಿಸಿ, ನಾನೂ ಆಚೆಯೇ ನಿಲ್ಲುತ್ತೇನೆ. ಆ ಮೂರು ಗೀರನ್ನು ಮುಟ್ಟಿ ನೋಡಿ, ಆಮೇಲೆ ಏನು ಅನ್ನಬೇಕೋ ಅನ್ನಿ. ಅಂದ ಮೇಲೂ ಮನಸ್ಸು ಬಂದರೆ ಮಗಳನ್ನು ಕಳಿಸಿ.

ಬಸಮ್ಮಣ್ಣಿ, ಓದುವಾಗ ಯಾರು ನಕ್ಕರೂ ನಡುವೆ ನಿಲ್ಲಿಸಬೇಡ. ಆ ದಿನ ನಾನು ನಿಲ್ಲಿಸಿರಲಿಲ್ಲ.